ಅಳಿಯನ ಚೀನಿ ಪರೀಕ್ಷೆಗೆ ನಾನು ಕೊಟ್ಟ ತರಬೇತಿ

ವಯನಾಡು ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಕಲ್ಪೆಟ್ಟದ ಹೊಸ ಕಚೇರಿಯಲ್ಲಿ ಬೀರು ಎಲ್ಲಿಡಬೇಕೆಂದು ನಾನೇ ಹೇಳಿ ಬಂದಿದ್ದೆ. ಅವರು ಕೇಳಿರಲಿಲ್ಲ, ಅದು ಬೇರೆ ಮಾತು. ನಾನು ಕಲ್ಲೂರಿನಲ್ಲಿ ಕರಿಮೆಣಸು ಕೊಂಡು ಮಾರುವವನು. ಶಾಲೆ ಬೇಗ ಮುಗಿದರೂ ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಆದ್ದರಿಂದ ಸಲಹೆ ಕೊಡುವುದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ.

ಮಿಲಿಟರಿಯಲ್ಲಿರುವ ಅಳಿಯ ಮಾದೇವ ರಜೆಗೆ ಬಂದ. ಹಗಲೆಲ್ಲ ಅಂಗಳದಲ್ಲಿ ಓಡಾಡುತ್ತ ತನ್ನಷ್ಟಕ್ಕೇ ಏನೋ ವಟಗುಟ್ಟುತ್ತಿದ್ದ. ನನ್ನ ಹೆಂಡತಿ ಗೌರಿ ತಾಯಿತ ಕಟ್ಟಿಸಲು ಹೊರಟಳು.

"ಅವ್ವಾ, ಅದು ಚೀನಿ ಭಾಷೆ. ಪರೀಕ್ಷೆ ಉಂಟು ಅವ್ರಿಗೆ" ಎಂದಳು ಮಗಳು ಚಂದ್ರಿ.

ಓದುವುದಕ್ಕೆ ಬೇರೆ ದರ್ಜೆ, ಕೇಳಿ ತಿಳಿಯುವುದಕ್ಕೆ ಬೇರೆ, ಮಾತಿಗೆ ಬೇರೆ. ಮೂರರಲ್ಲೂ ಮೇಲಿನ ದರ್ಜೆ ಬಂದರೆ ಸೇನೆಯ ಭಾಷಾಶಾಲೆಯಲ್ಲಿ ಮೇಷ್ಟರ ಕೆಲಸ, ಸಂಸಾರಕ್ಕೆ ಕ್ವಾರ್ಟರ್ಸು. ಇಲ್ಲವಾದರೆ ಮತ್ತೆ ಹಿಮದ ಬೆಟ್ಟ, ಒಬ್ಬನೇ. ಮದುವೆಯಾದ ಮೇಲೆ ಚಂದ್ರಿ ಗಂಡನ ಜೊತೆ ಒಂದು ಮಳೆಗಾಲವನ್ನೂ ಕಳೆದವಳಲ್ಲ. ಆಗಲೇ ಟ್ರಂಕಿಗೆ ಪಾತ್ರೆ ತುಂಬಿಸಿಟ್ಟಿದ್ದಳು.

"ಮಾತಿನ ಪರೀಕ್ಷೆ ಹೆಂಗೆ ಮಾಡ್ತಾರೆ ಅಳಿಯಂದಿರೇ?"

"ಮೊದ್ಲು ಹೆಸರು, ಊರು ಕೇಳ್ತಾರೆ ಮಾವ. ಆಮೇಲೆ ಕಷ್ಟ ಮಾಡ್ತಾ ಹೋಗ್ತಾರೆ. ನಾನು ಎಲ್ಲಿ ತಡವರಿಸ್ತೀನೋ ಅಲ್ಲಿಗೆ ನನ್ನ ದರ್ಜೆ ನಿಲ್ತದೆ."

ನಾನು ತೊಡೆ ತಟ್ಟಿದೆ. "ಶುದ್ಧ ಚೌಕಾಸಿ! ಚೀಲದ ಬಾಯಿ ಒಂದೇ ಸಲ ಬಿಚ್ಚಬೇಡಿ. ಅವ್ರು ಕೇಳಿದಾಗ ಸುಮ್ನೆ ಕೂತ್ಕೊಳ್ಳಿ. ಮುಖ ಹುಳ್ಳಗೆ ಮಾಡಿ. ಅವ್ರೇ ದರ ಏರಿಸಿ ಮೇಲೆ ಬರ್ತಾರೆ!"

"ಅವ್ರೇನು ಮೆಣಸು ತಗೊಳ್ಳೋಕೆ ಬರಲ್ಲ ಮಾವ."

"ಮನುಷ್ಯರು ತಾನೇ?"

ಅಡುಗೆಮನೆಯಿಂದ ಗೌರಿ ಕೇಳಿದಳು: "ಅಲ್ಲಾ, ನಿಮ್ಗೆ ಚೀನಿ ಬರ್ತದಾ?"

"ಚೌಕಾಸಿಗೆ ಭಾಷೆ ಯಾಕೆ? ನೀ ಸುಮ್ನಿರು."

ಮಾವನ ಮಾತು ಮೀರುವ ಹುಡುಗನಲ್ಲ ಅವನು. ಮರುದಿನದಿಂದಲೇ ತರಬೇತಿ ಆರಂಭವಾಯಿತು. ನಾನು ಪರೀಕ್ಷಕ. ನಾನು ಕೆಮ್ಮಿದರೆ ಅದು ಪ್ರಶ್ನೆ. ಅವನು ತಲೆಯಾಡಿಸಿ, ಕತ್ತೆತ್ತಿ ಮನೆಯ ಮಾಡು ನೋಡಬೇಕು. ಪಕ್ಕದ ಮನೆಯ ಮಲಯಾಳಿ ಕುಞ್ಞಪ್ಪನ್ ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿದ. "ಚೇಟ್ಟಾ, ಇದಕ್ಕೆ ಬತ್ತೇರಿ ಪೇಟೆಯಲ್ಲಿ ಒಳ್ಳೆ ಡಾಕ್ಟರ್ ಉಂಟು" ಎಂದ.

ರಜೆ ಮುಗಿಯುವ ಹೊತ್ತಿಗೆ ಅಳಿಯ ಎಷ್ಟು ಪಳಗಿದನೆಂದರೆ, ಊಟಕ್ಕೆ ಕರೆದರೂ ಮುಖ ತಿರುಗಿಸುತ್ತಿದ್ದ!

ಪರೀಕ್ಷೆ ಮುಗಿಸಿ ಅವನು ಮನೆಗೆ ಬಂದಾಗ ನಾನು ಜಗಲಿಯಲ್ಲೇ ತಡೆದು ಕೇಳಿದೆ. ಓದು ಮೇಲಿನ ದರ್ಜೆ. ಕೇಳಿ ತಿಳಿಯುವುದೂ ಮೇಲಿನ ದರ್ಜೆ.

"ಮಾತು?"

"ಗಡಿಯಲ್ಲಿ ಜಗಳ ಆದ್ರೆ ಹೇಗೆ ಮಾತಾಡ್ತೀಯಾ ಅಂತ ಕೇಳಿದ್ರು. ಸುಮ್ನೆ ಕೂತೆ. ಪಾಪ ಅಂತ, ಬೆಳಿಗ್ಗೆ ಏನು ತಿಂದೆ ಅಂದ್ರು. ಮುಖ ಹುಳ್ಳಗೆ ಮಾಡ್ದೆ. ಕೊನೆಗೆ ಪೆನ್ನು ತೋರಿಸಿ ಇದೇನು ಅಂದ್ರು. ಮಾಡು ನೋಡ್ದೆ. ಅವ್ರು ಮೇಲೆ ಬರ್ಲಿಲ್ಲ ಮಾವ. ಇಳೀತಾನೇ ಹೋದ್ರು."

ಹೆಸರು, ಊರು ಹೇಳಬಲ್ಲ, ಅಷ್ಟೇ ಎಂದು ದರ್ಜೆ ಕೊಟ್ಟಿದ್ದರು. ಚಂದ್ರಿ ಟ್ರಂಕಿನಿಂದ ಒಂದೊಂದೇ ತಟ್ಟೆ ತೆಗೆದು ನಾಗಂದಿಗೆಯ ಮೇಲೆ ಕುಕ್ಕಿದಳು. ಪ್ರತಿಯೊಂದು ತಟ್ಟೆಯೂ ನನಗೆ ಸ್ಪಷ್ಟವಾಗಿ ಅರ್ಥವಾಯಿತು.

ಮರುವರ್ಷ ಇನ್ನೊಂದು ಅವಕಾಶ ಸಿಕ್ಕಿತು. ಅಳಿಯ ರಜೆಗೆ ಬರುವ ಮುಂಚೆಯೇ ಗೌರಿ ನನ್ನ ಬಟ್ಟೆಗಂಟು ಕಟ್ಟಿ ಪುಲ್ಪಳ್ಳಿಯ ಬಸ್ಸು ಹತ್ತಿಸಿದಳು. "ನನ್ನ ತಮ್ಮನ ಮನೇಲಿರಿ. ಅವ್ರು ಹೋದ ಮೇಲೆ ಹೇಳಿ ಕಳಿಸ್ತೀನಿ."

ಅಳಿಯ ಮೇಲಿನ ದರ್ಜೆಯಲ್ಲಿ ಪಾಸಾದ. ಮಗಳು ಕ್ವಾರ್ಟರ್ಸಿಗೆ ಹೋದಳು. ದೇಶರಕ್ಷಣೆಯಲ್ಲಿ ನನ್ನದೂ ಒಂದು ಪಾಲಿದೆ ಎಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ಏನು ಮಾಡಿದಿರಿ ಎಂದು ಕೇಳಿದರೆ ಮಾತ್ರ ನಿಜ ಹೇಳಬೇಕಾಗುತ್ತದೆ: ನಾನು ಊರಲ್ಲಿರಲಿಲ್ಲ!