ನಮ್ಮೂರಿನ ಪೊಲೀಸ್ ಟ್ಯಾಕ್ಸಿಯೂ ನಾನು ಕಟ್ಟಿದ ಹಗ್ಗವೂ

ಬೊಂಬಾಯಿಯಲ್ಲಿ ಹದಿನೈದು ದಿನ ಇದ್ದು ಬಂದವನು ಹದಿನೈದು ವರ್ಷ ಅದರ ಸುದ್ದಿಯೇ ಹೇಳುತ್ತಾನೆ. ನಾನೂ ಹೇಳಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅಲ್ಲಿ ಫೋನು ತಿರುಗಿಸಿದರೆ ಬಾಯಿಗೆ ಹಾಕಿದ ವೀಳ್ಯ ಕೆಂಪಾಗುವುದರೊಳಗೆ ಪೊಲೀಸ್ ವ್ಯಾನು ಬಾಗಿಲಲ್ಲಿ. ಕೈ ತೋರಿಸಿದರೆ ಟ್ಯಾಕ್ಸಿ, ಒಳಗೆ ನೀವೊಬ್ಬರೇ! ಜಾಲ್ಸೂರಿನ ಹತ್ತಿರ ನಮ್ಮ ಮನೆಯ ಎದುರಿಗಿದ್ದ ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಅಂಗಡಿಯವರು ನನ್ನನ್ನು ಕಂಡ ಕೂಡಲೇ ಯಾರಾದರೂ ಹೊಸ ಗಿರಾಕಿಯನ್ನು ನನ್ನ ಪಕ್ಕ ಕೂರಿಸಿ ತಾವು ಒಳಗೆ ಹೋಗಿಬಿಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಒಂದು ಬೆಳಿಗ್ಗೆ ಹೆಂಡತಿ ಪುತ್ತೂರಿಗೆ ಹೊರಟಳು. "ಹಿತ್ತಲಲ್ಲಿ ಉರುಳಿ ತೊಳೆದು ಕವುಚಿ ಇಟ್ಟಿದ್ದೇನೆ. ಬೊಂಬಾಯಿ ಹೇಳ್ಲಿಕ್ಕೆ ಹೋಗ್ಬೇಡಿ, ಮನೆಯಲ್ಲೇ ಇರಿ" ಎಂದಳು. ಪಾಯಸ ಕಾಯಿಸುವ ಆ ಅಗಲ ಬಾಯಿಯ ಕಂಚಿನ ಉರುಳಿ ಅವಳ ತೀರಿಹೋದ ಅಮ್ಮನದು. ಅದರ ಕಿವಿಯ, ಅಂದರೆ ಹಿಡಿಕೆಯ, ಮೇಲೆ ಅಮ್ಮನ ಹೆಸರು ಕೊರೆಸಿತ್ತು. ಅಮ್ಮನ ನೆನಪಿಗೆ ಅವಳಿಗೆ ಉಳಿದದ್ದು ಅದೊಂದೇ. ನಾನು ಅಂಗಡಿಗೆ ಹೋದದ್ದು ಬರೀ ಅರ್ಧ ಗಂಟೆ. ಬಂದು ನೋಡಿದರೆ ಕಲ್ಲಿನ ಮೇಲೆ ಉರುಳಿಯ ಒದ್ದೆ ಗುರುತು ಮಾತ್ರ ಇತ್ತು. ನನಗೆ ಹೆದರಿಕೆ ಹತ್ತಿತು. ಅದು ಕಳ್ಳನ ಹೆದರಿಕೆಯಲ್ಲ ಎಂದು ಮದುವೆಯಾದವರಿಗೆ ಬೇರೆ ಹೇಳಬೇಕಾಗಿಲ್ಲ.

ಅಂಗಡಿಯಿಂದ ಠಾಣೆಗೆ ಫೋನು ಮಾಡಿದೆ. ಜೀಪಿನಲ್ಲಿ ಸಾಹೇಬರು ಬೇರೆಲ್ಲೋ ಹೋಗಿದ್ದರು. ಹಾಗಾಗಿ ಕಾನ್‌ಸ್ಟೇಬಲ್ ಶೀನಪ್ಪನವರು ನಮ್ಮ ಮನೆಯ ಎದುರಿನ ದಾರಿಯಾಗಿ ಪುತ್ತೂರಿಗೆ ಹೊರಟಿದ್ದ ಅಬ್ಬಾಸ್ ಬ್ಯಾರಿಯವರ ಸರ್ವಿಸ್ ಕಾರು ಹತ್ತಿದರು. ಸರ್ವಿಸ್ ಕಾರೆಂದರೆ ಊರಿಗೆಲ್ಲ ಒಂದೇ ಅಂಬಾಸಿಡರು. ಅದು ತುಂಬದೆ ಹೊರಡುವುದಿಲ್ಲ. ತುಂಬಿದ ಮೇಲೂ, ದಾರಿಯಲ್ಲಿ ಕೈ ತೋರಿಸಿದವರನ್ನು ಬಿಟ್ಟು ಬರುವುದಿಲ್ಲ. ನಮ್ಮ ಮನೆಗೆ ಅರ್ಧ ಮೈಲಿ ಇರುವಾಗಲೂ ಗೋಣಿ ಹೊತ್ತ ಒಬ್ಬರನ್ನು ಹತ್ತಿಸಿಕೊಂಡೇ ಬಂತು. ನಡುವೆ ಸಿಕ್ಕಿಕೊಂಡಿದ್ದ ಶೀನಪ್ಪನವರನ್ನು ಹೊರಗೆ ತೆಗೆಯಲು ಒಂಬತ್ತು ಜನ ಇಳಿಯಬೇಕಾಯಿತು. ಮನೆಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದುಂಟೇ? ಎಲ್ಲರಿಗೂ ಕೊಟ್ಟೆ. ಗೋಣಿಯವನು ತಲೆ ಎತ್ತದೆ ಎರಡು ಚೊಂಬು ಕುಡಿದ. ಪಾಪ, ನಾಚಿಕೆ ಸ್ವಭಾವ ಅಂದುಕೊಂಡೆ.

"ಆ ಗೋಣಿ ಡಿಕ್ಕಿಗೆ ಹಾಕಿ ಮಾರಾಯ್ರೆ, ಎಲ್ಲರಿಗೂ ತಾಗ್ತದೆ" ಎಂದರು ಅಬ್ಬಾಸ್. ಹಾಕಿದರೆ ಡಿಕ್ಕಿಯ ಮುಚ್ಚಳ ಕೂರಲಿಲ್ಲ. ನಾನೇ ಓಡಿ ಹಗ್ಗ ತಂದು ಬಿಗಿದು ಕಟ್ಟಿದೆ. ಶೀನಪ್ಪನವರನ್ನು ನಮ್ಮಲ್ಲಿ ಬಿಟ್ಟು ಕಾರು ಪುತ್ತೂರಿಗೆ ಹೊರಟಿತು. ನನ್ನ ಗಂಟಿನ ಬಗ್ಗೆ ಒಂದು ಮಾತು: ಒಮ್ಮೆ ನಾನು ಕಟ್ಟಿದ್ದ ಕರುವನ್ನು ಬಿಡಿಸಲು ಹಗ್ಗವನ್ನೇ ಕತ್ತರಿಸಬೇಕಾಗಿತ್ತು. ನನ್ನ ಗಂಟನ್ನು ಬಿಚ್ಚುವ ವಿದ್ಯೆ ಬಲ್ಲವಳು ಹೆಂಡತಿ ಒಬ್ಬಳೇ.

ಮಧ್ಯಾಹ್ನ ಊಟ ಮುಗಿಸಿ ಶೀನಪ್ಪನವರು ಇನ್ನೂ ನನ್ನ ಹೇಳಿಕೆ ಬರೆದುಕೊಳ್ಳುತ್ತಿದ್ದಾಗ ಅದೇ ಕಾರು ವಾಪಸು ಬಂತು. ಇಳಿದವಳು ಹೆಂಡತಿ, ಕಂಕುಳಲ್ಲಿ ಉರುಳಿ!

"ಪುತ್ತೂರಿನಲ್ಲಿ ಕಾರಿಗೆ ಕಾಯ್ತಾ ಇದ್ದೆ. ಡಿಕ್ಕಿಯ ಹಗ್ಗ ಬಿಚ್ಲಿಕ್ಕೆ ನಾಲ್ಕು ಜನ ಒದ್ದಾಡುದು ಕಂಡಿತು. ಇದು ನಮ್ಮವರದ್ದೇ ಗಂಟು ಅಂತ ಗೊತ್ತಾಯ್ತು. ಬಿಚ್ಚಿದೆ. ಗೋಣಿಯಿಂದ ಉರುಳಿಯ ಕಿವಿ ಹೊರಗೆ! ಅಮ್ಮನ ಹೆಸರು ಓದಿ ತಲೆ ಎತ್ತಿ ನೋಡಿದ್ರೆ ಗೋಣಿಯವ ಇಲ್ಲವೇ ಇಲ್ಲ."

ಶೀನಪ್ಪನವರು ಬರೆದದ್ದನ್ನೆಲ್ಲ ಹೊಡೆದುಹಾಕಿ ಹೊಸ ಹಾಳೆ ತೆಗೆದರು.

"ಉರುಳಿಯನ್ನು ಹಿತ್ತಲಲ್ಲಿ ಬಿಟ್ಟು ಅಂಗಡಿಗೆ ಹೋದವರು ಯಾರು?"

"ನಾನು."

"ಕಳ್ಳನಿಗೆ ಬೆಲ್ಲ ನೀರು ಕೊಟ್ಟದ್ದು?"

"ನಾನೇ."

"ಮಾಲು ಕಟ್ಟಿ ಕಳಿಸಿದ್ದು?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಉರುಳಿಯನ್ನು ಅಪ್ಪಿ ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. "ಅದೂ ನಾನೇ" ಎನ್ನುವಾಗ ನನಗೂ ನಗು ಬಂತು.

ಅಂದಿನಿಂದ ನಾನು ಬೊಂಬಾಯಿಯ ಸುದ್ದಿ ಎತ್ತಿಲ್ಲ. ಹೆಂಡತಿ ಮಾತ್ರ ಎಲ್ಲಿಗೆ ಹೊರಟರೂ ಉರುಳಿಯನ್ನು ನನ್ನ ಕೈಯಿಂದಲೇ ಕಂಬಕ್ಕೆ ಬಿಗಿಸುತ್ತಾಳೆ. "ನೀವು ಕಾಯುದು ಬೇಡ, ಕಟ್ಟಿದ್ರೆ ಸಾಕು" ಎನ್ನುತ್ತಾಳೆ.