ಪಟ್ಟಿ ಏಳನೇ ಪುಟದಲ್ಲಿ

ನೋರ್ಬೆರ್: ಬಿದ್ದಿದೆ ಅಂದ್ರೆ ಬಿದ್ದಿದೆ ಕಣಯ್ಯ! ಸೈನಿಕರು ಪೇಪರಿನ ಫೋಟೋದಲ್ಲಿ ಸಾಲಾಗಿ ನಿಂತಿದಾರೆ, ಒಬ್ಬ ಕಪ್ಪು ಕನ್ನಡಕ ಹಾಕ್ಕೊಂಡು ಚೀಟಿ ಓದ್ತಿದಾನೆ. ಸರ್ಕಾರ ಬಿತ್ತು ಅನ್ನೋಕೆ ಇನ್ನೇನು ಬೇಕು ನಿನಗೆ?

ಬಮೋರಿ: ಅದು ಹೋದ ವರ್ಷದ ಫೋಟೋ ಇರಬಹುದಲ್ಲ? ನಮ್ಮ ಅಕ್ಕಪಕ್ಕದ ದೇಶಗಳಲ್ಲಿ ಇಂಥ ಫೋಟೋಗೇನು ಬರವೇ? ಕೆಳಗೆ ಸಣ್ಣಕ್ಷರದಲ್ಲಿ ಏನು ಬರೆದಿದಾರೆ ಓದು.

ನೋರ್ಬೆರ್: ಸಣ್ಣಕ್ಷರ ಓದೋದು ನಿನ್ನಂಥ ದರ್ಜಿಗಳ ಕೆಲಸ. ಸೂಜಿಗೆ ದಾರ ಪೋಣಿಸಿ ಪೋಣಿಸಿ ಅಭ್ಯಾಸ ನಿಮಗೆ. ನಾನು ದೇಶ ನೋಡೋನು, ನನಗೆ ದೊಡ್ಡಕ್ಷರ ಸಾಕು.

ಬಮೋರಿ: ಸಣ್ಣಕ್ಷರ ಪೂರ್ತಿ ಓದ್ಬೇಕಾದ್ರೆ ಒಳಗಿನ ಪುಟಕ್ಕೆ ಹೋಗ್ಬೇಕು. ಒಳಗಿನ ಪುಟಕ್ಕೆ ಹೋಗ್ಬೇಕಾದ್ರೆ ಪೇಪರ್ ಕೊಳ್ಬೇಕು. ಅದಕ್ಕೆ ನಿನಗೆ ಕೈ ಬರಲ್ಲ. ಇಷ್ಟೇ ಕಣಯ್ಯ ನಿನ್ನ ಸಿದ್ಧಾಂತ.

ಪಶ್ಚಿಮ ಆಫ್ರಿಕಾದ ಅಬಿಜಾನ್ ನಗರದ ಯೋಪುಗೋನ್ ಬಡಾವಣೆಯಲ್ಲಿ, ಔಷಧಿ ಅಂಗಡಿ ಮೂಲೆಯ ಫುಟ್‌ಪಾತಿನಲ್ಲಿ ಅಫುಯೆಯ ಪೇಪರ್ ಅಂಗಡಿ. ಬೆಳಿಗ್ಗೆ ಏಳಕ್ಕೆ ಅವಳು ಆ ದಿನದ ಪೇಪರುಗಳನ್ನು ಬಟ್ಟೆ ಕ್ಲಿಪ್ಪು ಹಾಕಿ ಹಗ್ಗಕ್ಕೆ ನೇತುಹಾಕುತ್ತಾಳೆ. ಏಳೂ ಕಾಲಿಗೆಲ್ಲ ಮೂವತ್ತು ನಲವತ್ತು ಗಂಡಸರು ಮುಂದೆ ನಿಂತು, ಕತ್ತೆತ್ತಿ ಮುಖಪುಟ ಓದಿ, ಜಗಳ ಶುರು ಮಾಡಿಬಿಡುತ್ತಾರೆ. ಕೊಳ್ಳುವವರು ಮೂವರೋ ನಾಲ್ವರೋ. ಮಿಕ್ಕವರದೆಲ್ಲ ತಲೆಬರಹದ ವಿದ್ಯೆ. ಆ ವಿದ್ಯೆಯಲ್ಲಿ ನೋರ್ಬೆರ್ ಎಲ್ಲರಿಗಿಂತ ಹಿರಿಯ. ಬಂದರಿನಲ್ಲಿ ಮೂಟೆ ಲೆಕ್ಕದ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ, ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸದೆ ಮುಂದಿನ ಸಾಲಿನಲ್ಲಿ ನಿಂತು ಇಡೀ ಆಫ್ರಿಕಾವನ್ನು ಆಳಿದ್ದಾನೆ. ಜನ ಅವನನ್ನು ಪ್ರೊಫೆಸರ್ ಅನ್ನುತ್ತಾರೆ. ಈ ಪ್ರೊಫೆಸರ್ ಒಂದು ಪೇಪರೂ ಕೊಂಡವನಲ್ಲ, ಒಂದು ಒಳಪುಟವನ್ನೂ ಕಂಡವನಲ್ಲ. ಅದೇನೂ ನಾಚಿಕೆಯ ವಿಷಯ ಅಂತ ಅವನಿಗೆ ನಿನ್ನೆಯವರೆಗೆ ಅನಿಸಿರಲಿಲ್ಲ.

ಇವತ್ತು ಮಾತ್ರ ಅವನ ಕಣ್ಣು ಮತ್ತೆ ಮತ್ತೆ ಪಕ್ಕಕ್ಕೆ ಹೋಗುತ್ತಿತ್ತು. ಎರಡನೇ ಹಗ್ಗದ ಎಡತುದಿಯ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಯೋಪುಗೋನ್‌ನಲ್ಲಿ ಹದಿನೇಳು ಜಾಗ ಶೀಘ್ರ ನೆಲಸಮ. ಪೂರ್ತಿ ಪಟ್ಟಿ ಏಳನೇ ಪುಟದಲ್ಲಿ.’ ಹಳೇ ಸಾಬೂನು ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಅವನು ವರ್ಷಕ್ಕೊಂದು ಗೋಡೆಯಂತೆ ಎಬ್ಬಿಸಿ ಕಟ್ಟಿದ ಮೂರು ಕೋಣೆಯ ಮನೆ ಇದೆ. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಗಲ್ಲಿಯಲ್ಲಿ ನಿನ್ನೆ ಸಂಜೆಯಿಂದ ಇದೇ ಗುಸುಗುಸು. ಹೆಂಡತಿ ಸೋಲಾಂಜ್ ಬೆಳಿಗ್ಗೆ ಪಾತ್ರೆ ಮೂಟೆ ಕಟ್ಟುತ್ತಾ, ‘ಲೋಕದ ಸುದ್ದಿಯೆಲ್ಲ ಹೇಳ್ತೀರಲ್ಲ, ನಮ್ಮ ಮನೆ ನಿಲ್ಲುತ್ತೋ ಬೀಳುತ್ತೋ ಅಷ್ಟು ತಿಳ್ಕೊಂಡು ಬನ್ನಿ’ ಎಂದಿದ್ದಳು. ಮನೆ ಹೋದರೆ ಗಾನ್ಯೋವಾ ಊರಿನಲ್ಲಿ ಅತ್ತೆಯ ಮನೆಯೇ ಗತಿ; ಅಲ್ಲಿ ಅತ್ತೆಯದೇ ದರ್ಬಾರು.

ಬಮೋರಿ: ಏನಯ್ಯ, ಸುಮ್ಮನಾಗ್ಬಿಟ್ಟೆ? ಇಲ್ನೋಡು, ಒಬ್ಬ ಅಧ್ಯಕ್ಷರು ಆರನೇ ಸಲ ನಿಲ್ತಾರಂತೆ. ಏನು ತಮ್ಮ ಅಪ್ಪಣೆ?

ನೋರ್ಬೆರ್: ಆಂ? ನಿಲ್ಲಲಿ ಬಿಡು, ಪಾಪ.

ಬಮೋರಿ: ಪಾಪಾನಾ! ಇಂಥೋರನ್ನ ಕುರ್ಚಿ ಸಮೇತ ಎತ್ತಿ ಸಮುದ್ರಕ್ಕೆ ಹಾಕ್ಬೇಕು ಅಂತ ನಿನ್ನೆ ತಾನೇ ಕೂಗಾಡ್ದೆ?

ನೋರ್ಬೆರ್: ವಯಸ್ಸಾದ ಮೇಲೆ ಇದ್ದ ಮನೆ ಬಿಟ್ಟು ಮನುಷ್ಯ ಎಲ್ಲಿಗಯ್ಯ ಹೋಗ್ತಾನೆ?

ಬಮೋರಿ: ಸರಿಹೋಯ್ತು. ನೀನೂ ಮುಂದಿನ ಸಾಲು ಬಿಟ್ಟು ಕದಲಿಲ್ಲವಲ್ಲ ಇಷ್ಟು ವರ್ಷ. ಆ ಜಾಗಕ್ಕೆ ಚುನಾವಣೆ ಅಂತ ನಾವೇನಾದ್ರೂ ಅಂದಿದ್ರೆ ನೀನೇ ಸೈನ್ಯ ಕರೆಸಿರ್ತಿದ್ದೆ!

ಗುಂಪೆಲ್ಲ ಗೊಳ್ಳೆಂದಿತು. ನೋರ್ಬೆರನೂ ನಕ್ಕ; ಮಾತು ಸುಳ್ಳೇನಲ್ಲ ಅನಿಸಿತು. ನಗು ಮುಗಿಯುವುದರೊಳಗೆ ಅವನು ಮೆಲ್ಲಗೆ ಎಡಕ್ಕೆ ಸರಿದು, ಎರಡನೇ ಹಗ್ಗದ ಕೆಳಗೆ ನಿಂತು, ಪೇಪರಿನ ಅಂಚನ್ನು ಒಂದೇ ಬೆರಳಲ್ಲಿ ಎತ್ತಿ ಒಳಗೆ ಇಣುಕಿದ.

ಅಫುಯೆ: ಪ್ರೊಫೆಸರ್ರೇ, ಕೈ!

ನೋರ್ಬೆರ್: ಗಾಳಿಗೆ ಮಡಚಿಕೊಂಡಿತ್ತಮ್ಮ, ಸರಿ ಮಾಡ್ತಿದ್ದೆ.

ಅಫುಯೆ: ಒಂದು ಎಲೆ ಅಲ್ಲಾಡ್ತಿಲ್ಲ, ಅದ್ಯಾವ ಗಾಳಿ? ಕಣ್ಣಿಗೆ ಬಿಟ್ಟಿ, ಕೈಗೆ ಮುನ್ನೂರು ಫ್ರಾಂಕ್. ಇದು ಇಲ್ಲಿಯ ಕಾನೂನು, ಗೊತ್ತಲ್ಲ ನಿಮಗೆ?

ನೋರ್ಬೆರ್: ಕೊಳ್ಳೋದೇನು ದೊಡ್ಡ ಮಾತಲ್ಲ. ಆಟದ ಪುಟ ಚೆನ್ನಾಗಿ ಬಂದಿದೆಯಾ ಅಂತ ನೋಡಿ ಆಮೇಲೆ...

ಅಫುಯೆ: ಆಟ ಹಿಂದುಗಡೆ ಪುಟದಲ್ಲಿರೋದು. ನೀವು ಬಗ್ಗಿ ನೋಡ್ತಿರೋದು ಮಧ್ಯದ ಹಾಳೆ.

ನೋರ್ಬೆರ್: ಮಧ್ಯದಲ್ಲಿ ಏನೇನಿರುತ್ತೆ?

ಅಫುಯೆ: ಮರಣವಾರ್ತೆ ಇರುತ್ತೆ, ಆಮೇಲೆ...

ನೋರ್ಬೆರ್: ಅದೇ ಅದೇ! ಮರಣವಾರ್ತೆನೇ ನೋಡ್ಬೇಕಿತ್ತು ನನಗೆ.

ಬಾಯಿಗೆ ಬಂದದ್ದು ಅಂದುಬಿಟ್ಟ. ಅಂದ ಮೇಲೆ ಬಮೋರಿಯ ಮುಖ ನೋಡಿ ಹೆದರಿದ. ಬಮೋರಿ ಟೋಪಿ ತೆಗೆದು ಎದೆಗಿಟ್ಟುಕೊಂಡಿದ್ದ.

ಬಮೋರಿ: ಯಾರಯ್ಯ ಹೋಗಿದ್ದು?

ನೋರ್ಬೆರ್: ಯಾರೂ ಇಲ್ಲ.

ಬಮೋರಿ: ಯಾರೂ ಹೋಗ್ದೆ ಇದ್ರೆ ಮರಣವಾರ್ತೆ ಯಾರಾದ್ರೂ ಹುಡುಕ್ತಾರಾ? ನನ್ನ ಹತ್ರ ಮುಚ್ಚಿಡ್ತೀಯಾ?

ನೋರ್ಬೆರ್: ಏನಿಲ್ಲ ಮಾರಾಯ, ಗಾನ್ಯೋವಾದು ಸ್ವಲ್ಪ ಯೋಚನೆ, ಅಷ್ಟೇ.

ಬಮೋರಿ: ಅಯ್ಯೋ ದೇವರೇ! ಅತ್ತೆಯವರು ಹೋಗ್ಬಿಟ್ರಾ!

ಸುದ್ದಿ ಗುಂಪಿನೊಳಗೆ ಹೊಕ್ಕಿತು. ಎರಡನೇ ಸಾಲಿನವರು ಬಂದು ಕೈ ಹಿಡಿದು ‘ಧೈರ್ಯ ತಗೊಳ್ಳಿ’ ಅಂದರು. ಯಾರೋ ಟ್ಯಾಕ್ಸಿಯವನು ಅಪ್ಪಿಕೊಂಡೇಬಿಟ್ಟ. ಕೊನೆಯ ಸಾಲಿಗೆ ಮುಟ್ಟುವಷ್ಟರಲ್ಲಿ ಯಾವುದೋ ದೇಶದ ಅಧ್ಯಕ್ಷರೇ ತೀರಿಕೊಂಡಿದ್ದರು. ಅಲ್ಲಿ ಮುಂದಿನ ಅಧ್ಯಕ್ಷ ಯಾರು ಅಂತ ಜಗಳವೂ ಹತ್ತಿತ್ತು.

ಅಫುಯೆ: ಬಂಗಾರದಂಥ ಹೆಂಗಸು! ಹೋದ ಹಬ್ಬಕ್ಕೆ ಬಂದಾಗ ನನ್ನ ಹತ್ರ ಒಂದು ಪೇಪರ್ ತಗೊಂಡಿದ್ರು. ನಿಮ್ಮ ಮನೆಯಲ್ಲಿ ಕೊಂಡು ಓದಿದೋರು ಅಂದ್ರೆ ಅವರೊಬ್ರೇ.

ಬಮೋರಿ: ಬಟ್ಟೆ ಯೋಚನೆ ಬಿಡು. ಸಾವಿನ ಮನೆಗೆ ನಮ್ಮ ಕಡೆ ಪದ್ಧತಿ ಪ್ರಕಾರ ಮನೆಯೋರಿಗೆಲ್ಲ ಒಂದೇ ಥರದ್ದು ನಾನೇ ಹೊಲೀತೀನಿ. ಹೆಂಗಸರು ಎಷ್ಟು, ಗಂಡಸರು ಎಷ್ಟು ಹೇಳು. ನಿನ್ನ ಸೊಂಟ ನಲವತ್ತೆರಡೇ ಇದೆಯಾ, ಇನ್ನೂ ದಪ್ಪ ಆಗಿದೀಯಾ?

ನೋರ್ಬೆರ್: ನಮ್ಮತ್ತೆ ಸತ್ತಿಲ್ಲ ಕಣೋ! ಗುಂಡುಕಲ್ಲಿನ ಹಾಗಿದಾರೆ! ನನ್ನ ಭಯವೇ ಅದು!

ಬಮೋರಿ: ಥೂ, ಅತ್ತೆ ಸತ್ತಿಲ್ಲ ಅಂತ ಅಳ್ತಾ ಇದೀಯಾ? ಇದನ್ನ ನಾಲ್ಕು ಜನರ ಮುಂದೆ ಹೇಳ್ತಾರಾ?

ನೋರ್ಬೆರ್: ಮನೆ ಬಿದ್ರೆ ಅವರ ಮನೆಗೆ ಹೋಗಿ ಬೀಳ್ಬೇಕಲ್ಲೋ! ಸಾಯೋ ಹಾಗಿರೋದು ನನ್ನ ಮನೆ ಕಣ್ರಯ್ಯ! ಆ ಪಟ್ಟಿಯಲ್ಲಿ ನಮ್ಮ ಗಲ್ಲಿ ಇದೆಯೋ ಇಲ್ವೋ ಗೊತ್ತಿಲ್ಲ. ಯಾವ ದೇಶದ ಸರ್ಕಾರ ಯಾವಾಗ ಬೀಳುತ್ತೆ ಅಂತ ನಿಮಗೆಲ್ಲ ಹೇಳ್ಕೊಂಡು ಬಂದೆ, ನನ್ನ ಗೋಡೆ ಬೀಳುತ್ತಾ ಅಂತ ನನಗೇ ಗೊತ್ತಿಲ್ಲ!

ನೋರ್ಬೆರನಿಗೆ ನಾಚಿಕೆ, ಭಯ ಎರಡೂ ಒಟ್ಟಿಗೇ ಆದವು. ಜೇಬಿಗೆ ಕೈಹಾಕಿ, ಸೋಲಾಂಜ್ ಈರುಳ್ಳಿ ತರಲು ಕೊಟ್ಟ ಚಿಲ್ಲರೆಯನ್ನು ತೆಗೆದು ಅಫುಯೆಯ ಮುಂದೆ ಚಾಚಿದ.

ನೋರ್ಬೆರ್: ಕೊಡಮ್ಮ ಒಂದು.

ಬಮೋರಿ: ಏನಂದೆ?

ನೋರ್ಬೆರ್: ಪೇಪರ್ ಕೊಡು ಅಂದೆ! ಇದೇನು ನೋಡೋಕೆ ನಿಂತಿದೀರಿ ಎಲ್ಲ, ಮನುಷ್ಯ ಪೇಪರ್ ಕೊಳ್ಳೋದು ಕಂಡಿಲ್ವಾ?

ಅವನು ಕೊಳ್ಳುವುದನ್ನಂತೂ ಯಾರೂ ಕಂಡಿರಲಿಲ್ಲ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಅಫುಯೆ ಕ್ಲಿಪ್ಪು ಬಿಚ್ಚಿ ಎರಡೂ ಕೈಯಿಂದ ಕೊಟ್ಟಳು. ನೋರ್ಬೆರ್ ಬಿಡಿಸಿದ, ಮಡಿಸಿದ, ತಿರುಗಿಸಿದ. ಎರಡು ಹಾಳೆ ಜಾರಿ ನೆಲಕ್ಕೆ ಬಿದ್ದವು.

ನೋರ್ಬೆರ್: ಏಳನೇ ಪುಟ ಎಲ್ಲಿರುತ್ತಮ್ಮ?

ಅಫುಯೆ: ಆರಾದ ಮೇಲೆ.

ಸಿಕ್ಕಿತು. ಬೆರಳಿಟ್ಟು ಹದಿನೇಳು ಸಾಲು ಓದಿದ. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದ. ನಂಬಿಕೆ ಬಾರದೆ ಮೂರನೇ ಸಲವೂ ಓದಿದ.

ನೋರ್ಬೆರ್: ಇಲ್ಲ! ಇಲ್ಲ ಕಣೋ ಬಮೋರಿ! ಸಾಬೂನು ಕಾರ್ಖಾನೆ ಸುದ್ದಿಯೇ ಇಲ್ಲ! ಉಳೀತು!

ಬಾಯಿಗೆ ಮತ್ತೆ ಜೀವ ಬಂತು. ಅತ್ತೆಯ ಸಂತಾಪಕ್ಕೆ ಬಂದವರೇ ಈಗ ಬೆನ್ನು ತಟ್ಟಿದರು. ನೋರ್ಬೆರ್ ಎದೆ ಸೆಟೆಸಿ ಪೇಪರನ್ನು ಎತ್ತಿ ಹಿಡಿದ.

ನೋರ್ಬೆರ್: ಮಿಕ್ಕಿದ್ದನ್ನ ನಾನೇ ಓದಿ ಹೇಳ್ತೀನಿ, ಕೇಳಿ. ಒಂಬತ್ತು: ಹಳೇ ಮರದ ಡಿಪೋ ಪಕ್ಕದ ಮನೆಗಳು. ಅದು ಹೋಗ್ಲೇಬೇಕು ಸ್ವಾಮಿ, ರಸ್ತೆ ಅಗಲ ಆಗೋದು ಬೇಡ್ವಾ? ಹತ್ತು: ಕೋಳಿ ಮಾರ್ಕೆಟ್ ಹಿಂದಿನ ಶೆಡ್ಡುಗಳು. ಅಭಿವೃದ್ಧಿ ಅಂದಮೇಲೆ ಪ್ರಜೆಗಳು ಸ್ವಲ್ಪ ತ್ಯಾಗ ಮಾಡ್ಬೇಕಾಗುತ್ತೆ. ಎಲ್ಲದಕ್ಕೂ ಕಣ್ಣೀರು ಹಾಕಿದ್ರೆ ದೇಶ ಮುಂದೆ ಬರುತ್ತಾ? ಹನ್ನೊಂದು: ಔಷಧಿ ಅಂಗಡಿ ಮೂಲೆಯಿಂದ...

ನಿಲ್ಲಿಸಿದ. ಇದೇ ಸಾಲನ್ನು ಈಗ ತಾನೇ ಮೂರು ಸಲ ಓದಿದ್ದ. ತನ್ನ ಗಲ್ಲಿಯಲ್ಲ ಅಂತ ಮೂರು ಸಲವೂ ದಾಟಿ ಹೋಗಿದ್ದ.

ಬಮೋರಿ: ಯಾಕೆ ನಿಲ್ಲಿಸ್ದೆ?

ನೋರ್ಬೆರ್: ಮುಂದೆಲ್ಲ ಜಾಹೀರಾತು.

ಅಫುಯೆ: ಔಷಧಿ ಅಂಗಡಿ ಮೂಲೆಯಿಂದ ಬಸ್ ನಿಲ್ದಾಣದವರೆಗೆ ಫುಟ್‌ಪಾತಿನ ಅಂಗಡಿಗಳು ಎಲ್ಲ. ಶುಕ್ರವಾರದೊಳಗೆ. ಸರಿಯಾಗಿ ಹೇಳಿದ್ನಾ?

ನೋರ್ಬೆರ್: ನಿನಗೆ ಗೊತ್ತಿತ್ತಾ?

ಅಫುಯೆ: ಪೇಪರ್ ಅಂಗಡಿ ಇಟ್ಕೊಂಡು ಪೇಪರ್ ಓದಲ್ವಾ? ಬೆಳಿಗ್ಗೆ ಕ್ಲಿಪ್ಪು ಹಾಕೋವಾಗಲೇ ಓದ್ದೆ.

ನೋರ್ಬೆರ್: ಹಾಗಾದ್ರೆ ನಮ್ಮ ಗಲ್ಲಿ ಇಲ್ಲ ಅನ್ನೋದೂ ಗೊತ್ತಿತ್ತು! ಒಂದು ಮಾತು ಹೇಳ್ಬಾರ್ದಿತ್ತಾ?

ಅಫುಯೆ: ಕೇಳಿದ್ರಾ? ಆಟ ಕೇಳಿದ್ರಿ, ಮರಣವಾರ್ತೆ ಕೇಳಿದ್ರಿ. ನಿಜ ಬಾಯಿಬಿಟ್ಟಿದ್ದೇ ಕಾಸು ಚಾಚ್ಬಿಟ್ರಿ. ಹನ್ನೊಂದು ವರ್ಷಕ್ಕೆ ಗಿಟ್ಟಿದ ಗಿರಾಕಿ, ಬಿಡೋಕಾಗುತ್ತಾ?

ನೋರ್ಬೆರ್: ಹೋಗ್ಲಿ, ನಿನ್ನ ಅಂಗಡಿ ವಿಷಯ? ನಲವತ್ತು ಜನ ಎದುರಿಗೇ ನಿಂತಿದೀವಿ, ನಮಗೆ ಹೇಳ್ಬಾರ್ದಾ?

ಅಫುಯೆ: ನೀವೆಲ್ಲ ಸರ್ಕಾರ ಬೀಳಿಸೋದ್ರಲ್ಲಿದ್ರಿ. ನಾನೇನು ತಲೆಬರಹಾನಾ ಪ್ರೊಫೆಸರ್ರೇ, ನಿಮ್ಮ ಕಣ್ಣಿಗೆ ಬೀಳೋಕೆ? ನಾನು ಏಳನೇ ಪುಟದೋಳು.

ಅವಳು ನಕ್ಕೇ ಹೇಳಿದಳು. ಆದರೆ ಕೈ ಮಾತ್ರ ಕ್ಲಿಪ್ಪುಗಳನ್ನು ಒಂದೊಂದಾಗಿ ಎಣಿಸಿ ಡಬ್ಬಿಗೆ ಹಾಕುತ್ತಿತ್ತು. ಇಷ್ಟು ವರ್ಷ ಎದುರು ನಿಂತೂ ಆ ಕೈಯನ್ನು ತಾನು ನೋಡಿರಲಿಲ್ಲ ಅನಿಸಿ ನೋರ್ಬೆರನಿಗೆ ತನ್ನ ಮೇಲೇ ಬೇಸರವಾಯಿತು.

ನೋರ್ಬೆರ್: ಶುಕ್ರವಾರದ ಮೇಲೆ ಎಲ್ಲಿ ಹಾಕ್ತೀಯಮ್ಮ ಅಂಗಡಿ?

ಅಫುಯೆ: ಹಗ್ಗ ಕಟ್ಟೋಕೆ ಒಂದು ಗೋಡೆ ಸಿಕ್ಕಿದ್ರೆ ಸಾಕು ನನಗೆ. ಬೀಳದೇ ಇರೋ ಗೋಡೆ.

ಬಮೋರಿ ನೋರ್ಬೆರನ ಕಡೆ ತಿರುಗಿದ. ನಲವತ್ತು ಜನವೂ ತಿರುಗಿದರು. ಬೆಳಿಗ್ಗೆ ಏಳಕ್ಕೆ ಈ ಗುಂಪು ತನ್ನ ಬಾಗಿಲಲ್ಲಿ, ಸೋಲಾಂಜ್ ಕೈಯಲ್ಲಿ ಪೊರಕೆ: ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಆದರೂ ಬಾಯಿಂದ ಇಲ್ಲ ಅನ್ನುವ ಮಾತು ಹೊರಡಲಿಲ್ಲ.

ನೋರ್ಬೆರ್: ಆಯ್ತು, ಬಾ. ನಮ್ಮ ಮನೆ ಗೋಡೆಗೇ ಕಟ್ಟು. ಸೋಲಾಂಜ್‌ಗೆ ನಾನು ಹೇಳ್ಕೋತೀನಿ. ಆದರೆ ಒಂದು ಷರತ್ತು. ಪೇಪರ್ ಕೊಳ್ಳದೆ ಬಿಟ್ಟಿ ಓದೋ ಜನ ಮಾತ್ರ ನನ್ನ ಬಾಗಿಲಲ್ಲಿ ನಿಲ್ಲಕೂಡದು!

ಟ್ಯಾಕ್ಸಿಯವನು ಕೆಮ್ಮಿದ.

ಬಮೋರಿ: ಹಾಗಾದ್ರೆ ನೀನು ಎಲ್ಲಿ ನಿಲ್ತೀಯ?

ನೋರ್ಬೆರ್: ನಾನಾ? ನಾನು ಒಳಗಿರ್ತೀನಿ. ಕಿಟಕಿಯಿಂದ ಓದ್ಕೋತೀನಿ.

ಅಫುಯೆ: ಹಗ್ಗ ಕಿಟಕಿ ಮುಂದೇನೇ ಬರುತ್ತೆ ಪ್ರೊಫೆಸರ್ರೇ. ಒಳಗಿಂದ ನೋಡಿದ್ರೆ ನಿಮಗೆ ಕಾಣೋದು ಬರೀ ಕೊನೇ ಪುಟ.

ನೋರ್ಬೆರ್: ಧಾರಾಳವಾಯ್ತಲ್ಲ! ಮೊದಲನೇ ಪುಟ ಇಷ್ಟು ವರ್ಷ ಓದಿದೀನಿ, ಇನ್ನು ಕೊನೇ ಪುಟ ಒಂದು ಓದಿಬಿಟ್ರೆ ಪೂರ್ತಿ ಪೇಪರ್ ಮುಗಿಸಿದ ಹಾಗಾಯ್ತು.