ಕೊಡುವವರು ಒಬ್ಬರು

ನೀರು ಸರಬರಾಜು ಕಚೇರಿಯ ಬಿಲ್ ಕೌಂಟರಿನ ಗುಮಾಸ್ತರು ಒಂದು ಸಂಜೆಯ ಮಟ್ಟಿಗೆ ಮಹಾರಾಜರಾಗಿದ್ದರು. ಕಚೇರಿಯ ವಾರ್ಷಿಕೋತ್ಸವದ ನಾಟಕದಲ್ಲಿ ರಟ್ಟಿನ ಕಿರೀಟ ತೊಟ್ಟು, ಸಿಂಹಾಸನದ ಮೇಲೆ ಕುಳಿತು, ಉಸಿರು ಬಿಡದೆ ಉದ್ದನೆಯ ಭಾಷಣ ಹೊಡೆದು ಚಪ್ಪಾಳೆ ಗಿಟ್ಟಿಸಿದ್ದರು. ಕಿರೀಟ ಅಂದೇ ಬಾಡಿಗೆ ಅಂಗಡಿಗೆ ವಾಪಸು ಹೋಯಿತು. ಅದರ ಗತ್ತು ಮಾತ್ರ ತಲೆಯಿಂದ ಇಳಿಯಲಿಲ್ಲ. ಹಾಗಾಗಿ ನಾವೂ ಅವರನ್ನು ಮಹಾರಾಜರೆಂದೇ ಕರೆಯೋಣ. ನಮ್ಮ ಗಂಟೇನೂ ಹೋಗುವುದಿಲ್ಲ.

ಸಂಕಟವೆಂದರೆ, ಯಾರು ನೋಡಲೇಬೇಕಿತ್ತೋ ಅವರೇ ನೋಡಿರಲಿಲ್ಲ. ನಾಟಕದ ದಿನ ಹೆಂಡತಿ ತಂಗಿಯ ಹೆರಿಗೆಗೆಂದು ಹೋಗಿದ್ದಳು. ಬಂದ ಮೇಲೆ ಇವರು ಅಡುಗೆಮನೆಯಲ್ಲಿ ನಿಂತು ಭಾಷಣವನ್ನು ಪೂರ್ತಿ ಒಪ್ಪಿಸಿದರೆ, "ಸ್ವಲ್ಪ ಪಕ್ಕಕ್ಕೆ ಸರೀರಿ, ಒಲೆ ಕಾಣಿಸ್ತಿಲ್ಲ" ಎಂದಳು. ಊರೆಲ್ಲ ಹೊಗಳಿ ಹೆಂಡತಿಯೊಬ್ಬಳು ಹೊಗಳದಿದ್ದರೆ ಗಂಡಸಿನ ಹೊಟ್ಟೆಗೆ ಅನ್ನ ಇಳಿಯುತ್ತದೆಯೇ?

ಹೀಗಿರುವಾಗ ಕಚೇರಿಯ ಟೈಪಿಸ್ಟ್ ಅಮೃತದಂಥ ಸುದ್ದಿ ತಂದ.

"ಸಾರ್, ನಮ್ಮ ನಾಟಕವನ್ನ ಯಾರೋ ವಿಡಿಯೊ ಮಾಡಿ ಇಂಟರ್‌ನೆಟ್ಟಲ್ಲಿ ಹಂಚ್ತಾ ಇದ್ದಾರೆ."

"ಯಾರಪ್ಪಾ? ಯಾವ ದೇಶದವರು?"

"ಅದೆಲ್ಲ ಗೊತ್ತಾಗಲ್ಲ ಸಾರ್. ಇದು ಅಂಗಡಿಯಿಂದ ತರೋ ಥರ ಅಲ್ಲ. ಯಾರದೋ ಮನೆ ಕಂಪ್ಯೂಟರಿಂದ ಸೀದಾ ನಿಮ್ಮನೆ ಕಂಪ್ಯೂಟರಿಗೆ ಚೂರುಚೂರಾಗಿ ಬರುತ್ತೆ. ಆ ಪುಣ್ಯಾತ್ಮರು ತಮ್ಮ ಕಂಪ್ಯೂಟರ್ ಆನ್ ಇಟ್ಟಿರಬೇಕು, ಅಷ್ಟೆ."

ಮಹಾರಾಜರ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಮುಖ ಕಂಡರಿಯದ ಯಾರೋ ಒಬ್ಬ ಅಭಿಮಾನಿ ತನ್ನ ಅಭಿನಯವನ್ನು ಜಗತ್ತಿಗೆಲ್ಲ ಹಂಚುತ್ತಿದ್ದಾನೆ! ರಜಾದಿನ ಬೆಳಗಾಗುತ್ತಲೇ ಅವರು ಕಂಪ್ಯೂಟರಿನ ಮುಂದೆ ಪಟ್ಟಾಭಿಷೇಕಕ್ಕೆ ಕುಳಿತವರಂತೆ ಕುಳಿತರು.

ಮೊದಲು ಪರದೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಹಸಿರು ಗುಂಡಿ ಒತ್ತಿದರು. ಬೇಕಾದ ಸಾಫ್ಟ್‌ವೇರ್ ಬರುವ ಬದಲು, ಆಗಾಗ ಮಿಯಾಂವ್ ಎನ್ನುವ ಒಂದು ಬೆಕ್ಕಿನ ಗಡಿಯಾರ ಬಂದು ಮೂಲೆಯಲ್ಲಿ ಝಾಂಡಾ ಊರಿತು. ಎರಡನೆಯ ಸಲ ಸರಿಯಾದದ್ದೇ ಸಿಕ್ಕಿತು. ಅದು, ನಿಮ್ಮ ಹತ್ತಿರ ಇರುವುದನ್ನು ಬೇರೆಯವರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿತು. ರಾಜರಾದರೂ ಬಿಲ್ ಕೌಂಟರಿನವರಲ್ಲವೇ, ಪುಕ್ಕಟೆ ಕೊಟ್ಟು ಅಭ್ಯಾಸವಿಲ್ಲ. ಸೊನ್ನೆ ಎಂದು ಬರೆದರು. ಕೊಡದವರಿಗೆ ಸಿಗುವುದೂ ಅಷ್ಟಕ್ಕಷ್ಟೇ ಎಂದು ಸಾಫ್ಟ್‌ವೇರ್ ಮೊಂಡು ಹಿಡಿಯಿತು. ಹಲ್ಲು ಕಚ್ಚಿಕೊಂಡು ಸೊನ್ನೆಯನ್ನು ತೆಗೆದ ಮೇಲೆ ಎಷ್ಟು ಬಂತೆಂದು ತೋರಿಸುವ ಹಸಿರು ಗೆರೆ ಬಸವನಹುಳುವಿನಂತೆ ಹೊರಟಿತು. ಕೆಳಗೆ ಬರೆದಿತ್ತು: ಕೊಡುವವರು ಒಬ್ಬರು, ಪಡೆಯುವವರು ಒಬ್ಬರು.

"ನೋಡೇ, ಎಲ್ಲೋ ಸಮುದ್ರದಾಚೆಯಿಂದ ಬರ್ತಾ ಇದೆ!" ಎಂದು ಹೆಂಡತಿಯನ್ನು ಕರೆದರು.

"ಬರ್ಲಿ ಬಿಡಿ. ಬಂದ್ಮೇಲೆ ಹೇಳಿ" ಎಂದಳು ಆಕೆ ಒಳಗಿನಿಂದಲೇ.

ಇವಳೊಬ್ಬಳಿಗೇ ತೋರಿಸಿದರೆ ಸಾಲದು, ನಾಲ್ಕು ಜನರ ಮುಂದೆ ಇವಳು ನೋಡಬೇಕು ಎನ್ನಿಸಿತು. ಮಹಾರಾಜರು ಹೊರಗೆ ಬಂದು ಎದುರುಮನೆಯ ವಿಮಾ ಏಜೆಂಟರನ್ನು ಕೂಗಿದರು. ಏಜೆಂಟರ ಹೆಂಡತಿ ಇವರದೇ ಕಚೇರಿಯ ಲೆಕ್ಕದ ವಿಭಾಗದಲ್ಲಿದ್ದರು. ನಾಟಕದಲ್ಲಿ ಸಿಂಹಾಸನದ ಹಿಂದೆ ನಿಂತು ಬೀಸಣಿಗೆ ಬೀಸುವ ದಾಸಿ ಅವರೇ, ಮಾತಿಲ್ಲದ ಪಾತ್ರ.

"ಸಂಜೆ ಇಬ್ಬರೂ ಟೀಗೆ ಬನ್ನಿ ಸಾರ್, ಒಂದು ವಿಶೇಷ ಇದೆ."

"ಏನ್ ಸಾರ್, ಪಾಲಿಸಿ ಮಾಡಿಸ್ತೀರಾ?"

"ಅದಕ್ಕಿಂತ ದೊಡ್ಡದು. ಈಗ ಬಾಯಿ ಬಿಡಲ್ಲ."

ಮಹಡಿಯ ಮೇಲಿನ ಮನೆಯೊಡತಿಗೂ ಕರೆ ಹೋಯಿತು. ಆಕೆ ಸಂಜೆಯವರೆಗೆ ಕಾಯುವ ಪೈಕಿಯಲ್ಲ. ಮಧ್ಯಾಹ್ನವೇ ಇಳಿದು ಬಂದು, ಗೆರೆಯ ಕಡೆ ಸಂಶಯದಿಂದ ನೋಡಿ, "ಇಷ್ಟು ನಿಧಾನಾನಾ? ಫ್ಯಾನ್ ಆಫ್ ಮಾಡ್ರಿ. ಇರೋ ಕರೆಂಟೆಲ್ಲ ಕಂಪ್ಯೂಟರಿಗೆ ಹೋಗ್ಲಿ" ಎಂದು ಅಪ್ಪಣೆ ಮಾಡಿದರು. ಬಾಡಿಗೆ ಮನೆಯಲ್ಲಿ ರಾಜನೆಲ್ಲಿ, ಅಪ್ಪಣೆ ಎಂದರೆ ಅಪ್ಪಣೆ. ಫ್ಯಾನ್ ನಿಂತಿತು. ಮಹಾರಾಜರು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಗೆರೆಯನ್ನೇ ಕಾಯುತ್ತ ಕುಳಿತರು. ಅಷ್ಟರಲ್ಲಿ ಹೆಂಡತಿ ಕಸ ಗುಡಿಸುತ್ತ ವೈರಿಗೆ ಪೊರಕೆ ತಾಗಿಸಿ ಕಂಪ್ಯೂಟರನ್ನೇ ಆರಿಸಿದಳು. ಪುಣ್ಯಕ್ಕೆ ಬಂದಷ್ಟು ಚೂರುಗಳು ಭದ್ರವಾಗಿದ್ದವು. ಹೋದ ಜೀವ ಬಂತು.

ಸಂಜೆ ಎಲ್ಲರೂ ಬಂದರು. ಕುರ್ಚಿಗಳು ತುಂಬಿದವು, ಟೀ ಆಯಿತು, ಬಿಸ್ಕತ್ತಿನ ತಟ್ಟೆ ಖಾಲಿಯಾಯಿತು. ಉಪಚಾರದ ಗಡಿಬಿಡಿಯಲ್ಲಿ ಯಾರೂ ಗಮನಿಸಿರಲಿಲ್ಲ, ಇನ್ನೇನು ತುದಿ ಮುಟ್ಟಬೇಕಿದ್ದ ಗೆರೆ ಯಾವಾಗಲೋ ಕಾಲು ಮುರಿದುಕೊಂಡು ಕೂತಿತ್ತು. ಮಹಾರಾಜರು ಬಗ್ಗಿ ನೋಡಿದರು. ಕೊಡುವವರು: ಯಾರೂ ಇಲ್ಲ.

"ಬೆಳಿಗ್ಗೆಯಿಂದ ಇದ್ದನಲ್ಲ! ಈಗಲೇ ಹೋಗ್ಬೇಕಾ ಆ ಮಹಾನುಭಾವ?" ಎಂದು ತಲೆ ಮೇಲೆ ಕೈ ಹೊತ್ತರು.

"ಎಲ್ಲಿ, ಏನದು ನೋಡೋಣ" ಎನ್ನುತ್ತ ಏಜೆಂಟರು ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಓದಿದರು. ವಿಡಿಯೊದ ಹೆಸರನ್ನು ಮತ್ತೊಮ್ಮೆ ಓದಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೋ ಸಾರ್, ಇದು ನಂದೇ! ನಮ್ಮತ್ತೆ ನೋಡ್ಲಿ ಅಂತ ನಾನೇ ಹಾಕಿದ್ದು. ನೀವು ಟೀಗೆ ಕರೆದ್ರಲ್ಲ, ಕಂಪ್ಯೂಟರ್ ಆಫ್ ಮಾಡಿ ಬಂದೆ!"

ಸಮುದ್ರದಾಚೆಯ ಅಭಿಮಾನಿ ಹತ್ತು ಹೆಜ್ಜೆ ಆಚೆಯವರು.

"ಪೂರ್ತಿ ನಮ್ಮನೇಲೇ ಇದೆಯಲ್ಲ, ಏಳಿ ಏಳಿ!" ಎಂದು ಏಜೆಂಟರು ಎಲ್ಲರನ್ನೂ ಎಬ್ಬಿಸಿದರು. ಸಭೆ ಸಭೆಯೇ ರಸ್ತೆ ದಾಟಿತು. ಹೋಗಲಿ, ಯಾರ ಮನೆಯಾದರೇನು, ರಾಜ ನಾನೇ ತಾನೆ ಎಂದುಕೊಂಡು ಮಹಾರಾಜರು ಹೆಂಡತಿಯನ್ನು ಮುಂದಿನ ಕುರ್ಚಿಯಲ್ಲೇ ಕೂರಿಸಿದರು.

ಪರದೆ ಬೆಳಗಿತು. ಏಜೆಂಟರ ಹೆಂಡತಿ ಬೀಸಣಿಗೆ ಬೀಸುತ್ತಿದ್ದರು. ಬಲಕ್ಕೆ ಬೀಸಿದರು, ಎಡಕ್ಕೆ ಬೀಸಿದರು. ಕ್ಯಾಮೆರಾ ಅವರ ಮುಖ ಬಿಟ್ಟು ಒಂದಿಂಚೂ ಕದಲಲಿಲ್ಲ. ಮೂಲೆಯಲ್ಲಿ ಸಿಂಹಾಸನದ ಕೈ, ಅದರ ಮೇಲೊಂದು ಮೊಣಕೈ. ಅಷ್ಟೆ. ಭಾಷಣವಾದರೂ ಕೇಳಿಸೀತೆಂದರೆ, ಅದರ ಮೇಲೆ ಏಜೆಂಟರ ಸ್ವಂತ ದನಿ: "ಅತ್ತೇ, ನೋಡಿ, ಈಗ ಕೈ ಬದಲಾಯಿಸ್ತಾಳೆ... ಹಾಂ, ಬದಲಾಯಿಸಿದ್ಲು!"

"ಆ ಮೊಣಕೈ ನಂದು ಕಣೇ" ಎಂದು ಮಹಾರಾಜರು ಪಿಸುಗುಟ್ಟಿದರು. ಹೆಂಡತಿ ತುಟಿ ಕಚ್ಚಿಕೊಂಡಳು.

ಎಲ್ಲರೂ ದಾಸಿಗೆ ಚಪ್ಪಾಳೆ ತಟ್ಟಿದರು. ಏಜೆಂಟರ ಮುಖ ಹೆಮ್ಮೆಯಿಂದ ಅರಳಿತ್ತು.

"ಬೆಳಿಗ್ಗೆಯಿಂದ ಯಾರೋ ಒಬ್ಬರು ಪಟ್ಟು ಬಿಡದೆ ಇದನ್ನ ಎಳೀತಾ ಇದ್ರು. ಅತ್ತೆ ಕಡೆಯವರದ್ದೆಲ್ಲ ಹೋದ ವಾರವೇ ಆಯ್ತು, ಇದ್ಯಾರು ಹೊಸಬರು ಅಂತ ನೋಡ್ದೆ. 'ನೋಡೇ, ನಿನಗೂ ಒಬ್ಬ ಫ್ಯಾನ್ ಹುಟ್ಕೊಂಡಿದ್ದಾನೆ' ಅಂತ ಇವಳಿಗೆ ಹೇಳಿದ್ದೂ ಆಯ್ತು. ಆ ಫ್ಯಾನ್ ನೀವಾ ಸಾರ್!"

ಏಜೆಂಟರ ಹೆಂಡತಿ ನಾಚಿ ನೆಲ ನೋಡಿದರು.

"ಫ್ಯಾನಾ? ಅದನ್ನ ನಾನೇ ಆಫ್ ಮಾಡಿಸಿದ್ದು" ಎಂದರು ಮನೆಯೊಡತಿ. "ಪಾಪ, ಬೆವರು ಸುರಿಸ್ಕೊಂಡು, ಕಣ್ಣು ಮಿಟುಕಿಸದೆ ಕೂತಿದ್ರಮ್ಮ, ಯಾವಾಗ ಬರುತ್ತೋ ಯಾವಾಗ ಬರುತ್ತೋ ಅಂತ."

ಹೆಂಡತಿ ಕುರ್ಚಿಯಿಂದ ಎದ್ದಳು. ಮದುವೆಯಾದಾಗಿನಿಂದ ಮೊದಲ ಸಲ, ನಾಲ್ಕು ಜನರ ಮುಂದೆ, ಗಟ್ಟಿಯಾಗಿ ಕರೆದಳು:

"ನಡೀರಿ ಮನೆಗೆ, ಮಹಾರಾಜರೇ."